ಜಲಪಾತದೂರಿನ ಬೇಸ್‌ಬಾಲ್ ತಂಡ

ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತು ರಾಜ್ಯಗಳಲ್ಲಿ ವಿಸ್ತೀರ್ಣದಿಂದ ಅತ್ಯಂತ ಕಿರಿದಾದುದು ರೋಡ್ ಐಲೆಂಡ್. ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದಲ್ಲಿ ಹುಟ್ಟುವ ಬ್ಲ್ಯಾಕ್‌ಸ್ಟೋನ್ ಎಂಬ ನದಿಯು ದಕ್ಷಿಣಾಭಿಮುಖವಾಗಿ ಹರಿದು, ಈ ಕಿರಿಯ ರಾಜ್ಯವನ್ನು ಹೊಕ್ಕು, ಕಟ್ಟಕಡೆಗೆ ಬಂಡೆಗಳ ಮೇಲಿನಿಂದ ಧುಮುಕಿ ಸಮುದ್ರದ ಉಬ್ಬರವಿಳಿತಗಳನ್ನು ಕೂಡಿಕೊಳ್ಳುವ ಎಡೆಯಲ್ಲಿ ಪಟಕೆಟ್ ಎಂಬ ಪಟ್ಟಣವಿದೆ. ಆ ನಾಡಿನ ಮೂಲನಿವಾಸಿಗಳ ನುಡಿಯಲ್ಲಿ ಆ ಹೆಸರಿಗೆ ಜಲಪಾತದ ತಾಣವೆಂದೇ ಅರ್ಥ. ಜನಸಂಖ್ಯೆ ಸುಮಾರು ಮುಕ್ಕಾಲು ಲಕ್ಷ. ಅಮೆರಿಕದ ಮಕ್ಕಳು ಈ ಊರಿನ ಹೆಸರನ್ನು ಮೊದಲು ಇತಿಹಾಸದ ಪಾಠದಲ್ಲಿ ಓದುತ್ತಾರೆ. ಬೇಸ್‌ಬಾಲ್ ಆಟದಲ್ಲಿ ಮನಸ್ಸುಳ್ಳವರು ಮತ್ತೊಮ್ಮೆ ಅದನ್ನು ಕೇಳುತ್ತಾರೆ. ಹೀಗೆ ಎರಡನೆಯ ಸಲ ಕೇಳಿದವರು ಅದನ್ನು ಮರೆಯುವುದಿಲ್ಲ.

ಇತಿಹಾಸದ ಪಾಠವು ಹತ್ತಿಯ ಗಿರಣಿಯದು. ನೂಲುವ ಯಂತ್ರಗಳ ನಕ್ಷೆಯನ್ನಾಗಲಿ ಅವನ್ನು ಬಲ್ಲ ಕುಶಲಿಗಳನ್ನಾಗಲಿ ದೇಶದ ಹೊರಕ್ಕೆ ಬಿಡಬಾರದೆಂದು ಇಂಗ್ಲೆಂಡು ಕಾನೂನನ್ನು ಮಾಡಿದ್ದ ಕಾಲದಲ್ಲಿ, ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ತರುಣನು ಆ ಯಂತ್ರಗಳ ರಚನೆಯನ್ನೆಲ್ಲ ನೆನಪಿನಲ್ಲಿಯೇ ಹೊತ್ತುಕೊಂಡು 1789ರಲ್ಲಿ ಹಡಗನ್ನೇರಿದನು. ಮರುವರ್ಷವೇ ಪಟಕೆಟ್ಟಿನ ಜಲಪಾತದ ಬಲದಿಂದ ಹತ್ತಿಯ ಎಳೆ ನೂಲಾಗಿ ಹೊರಬಂದಿತು; 1793ರಲ್ಲಿ ಕಟ್ಟಿದ ಸ್ಲೇಟರನ ಗಿರಣಿಯು ಇಂದಿಗೂ ನದಿಯ ಅಂಚಿನಲ್ಲಿ ನಿಂತಿದೆ. ಅಲ್ಲಿ ಮೊದಲು ದುಡಿದವರು ಏಳರಿಂದ ಹನ್ನೆರಡು ವಯಸ್ಸಿನ ಮಕ್ಕಳು ಎಂಬುದನ್ನೂ ಹೇಳದೆ ಬಿಡಲಾಗದು. ಅಲ್ಲಿಂದ ನೂರೈವತ್ತು ವರ್ಷಗಳವರೆಗೆ ಊರು ಮಗ್ಗಗಳ ಸದ್ದಿನಲ್ಲಿಯೇ ಎದ್ದು ಮಲಗಿತು. ಆಮೇಲೆ, ಕೂಲಿ ಅಗ್ಗವಾಗಿದ್ದ ದಕ್ಷಿಣದ ರಾಜ್ಯಗಳಿಗೆ ಗಿರಣಿಗಳು ಒಂದೊಂದಾಗಿ ಹೊರಟುಹೋದುವು. ಕಟ್ಟಡಗಳು ಉಳಿದುವು, ಕೆಲಸ ಉಳಿಯಲಿಲ್ಲ.

ಆಟದ ಕಥೆ ಆರಂಭವಾಗುವುದು ಈ ಇಳಿಗಾಲದಲ್ಲಿ. 1930ರ ದಶಕದ ಮಹಾ ಆರ್ಥಿಕ ಕುಸಿತದ ವೇಳೆ ನಿರುದ್ಯೋಗಿಗಳಿಗೆ ಕೆಲಸ ಕೊಡುವುದಕ್ಕಾಗಿ ಅಮೆರಿಕದ ಸರ್ಕಾರವು ಹಣವೊದಗಿಸಿದ ಅಸಂಖ್ಯ ಕಾಮಗಾರಿಗಳಲ್ಲಿ ಪಟಕೆಟ್ಟಿನ ಕ್ರೀಡಾಂಗಣವೂ ಒಂದು. ಪಟ್ಟಣದ ಮೇಯರ್ ಆಗಿದ್ದ ಥಾಮಸ್ ಮೆಕಾಯ್ ಅದಕ್ಕಾಗಿ ಆರಿಸಿದ ಸ್ಥಳ ಕೆಸರುಗುಂಡಿಯಂಥ ಒಂದು ಕೊಳ. ಅದನ್ನು ತುಂಬಿಸಿ ಗಟ್ಟಿಮಾಡುವಷ್ಟರಲ್ಲಿ ವೆಚ್ಚ ಅಂದಾಜನ್ನು ಎಷ್ಟೋ ಮೀರಿತು. ಕಾಮಗಾರಿಯ ಯಂತ್ರಗಳೇ ಆ ಕೆಸರಿನಲ್ಲಿ ಹುದುಗಿಹೋದುವೆಂಬ ಮಾತು ಊರಿನಲ್ಲಿ ಬಹುಕಾಲ ಉಳಿಯಿತು. ‘ಮೆಕಾಯನ ಹುಚ್ಚು’ ಎಂದು ಜನ ಆಡಿಕೊಂಡರು. 1942ರಲ್ಲಿ ಬಾಗಿಲು ತೆರೆದ ಆ ಅಂಗಣಕ್ಕೆ, ಮೇಯರರ ಮರಣಾನಂತರ, 1946ರಲ್ಲಿ ಅವರ ಹೆಸರನ್ನೇ ಇಟ್ಟರು. ಗಿರಣಿಗಳನ್ನು ಕಳೆದುಕೊಳ್ಳುತ್ತಿದ್ದ ಊರೊಂದು ಸಾವಿರಾರು ಜನ ಒಟ್ಟಿಗೆ ಕುಳಿತು ನಗುವುದಕ್ಕೊಂದು ಜಾಗವನ್ನು ಕಟ್ಟಿಕೊಂಡುದನ್ನು ಹುಚ್ಚೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಮುಂದಿನ ಕಥೆ ತಿಳಿಯಬೇಕಾದರೆ ಆಟದ ವಿಷಯವಾಗಿ ನಾಲ್ಕು ಮಾತು ಅವಶ್ಯ. ಕ್ರಿಕೆಟ್ಟನ್ನು ಬಲ್ಲ ನಮ್ಮವರಿಗೆ ಬೇಸ್‌ಬಾಲ್ ತೀರ ಅಪರಿಚಿತವೆನಿಸದು. ಪಿಚರ್ ಎಂಬವನು ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ; ಬ್ಯಾಟ್ ಹಿಡಿದವನು ಅದನ್ನು ಹೊಡೆದು, ಚೌಕಾಕಾರವಾಗಿ ಇಟ್ಟಿರುವ ಬೇಸ್‌ಗಳನ್ನು ಸುತ್ತಿ, ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ಮೂವರು ಔಟಾದರೆ ಸರದಿ ಎದುರಾಳಿಗೆ. ಎರಡು ತಂಡಗಳೂ ಒಂದೊಂದು ಸಲ ಆಡಿದರೆ ಒಂದು ಇನ್ನಿಂಗ್ಸ್. ಅಂಥ ಒಂಬತ್ತು ಇನ್ನಿಂಗ್ಸ್‌ಗಳಿಗೆ, ಸುಮಾರು ಮೂರು ಗಂಟೆಗಳಲ್ಲಿ, ಆಟ ಮುಗಿಯುತ್ತದೆ. ಆದರೆ ಈ ಆಟದಲ್ಲಿ ಸಮಬಲವೆಂಬುದಿಲ್ಲ. ಒಂಬತ್ತರ ಕೊನೆಯಲ್ಲಿ ಇಬ್ಬರ ರನ್ನುಗಳೂ ಸಮವಾಗಿದ್ದರೆ ಹತ್ತನೆಯದು, ಆಗಲೂ ಸಮವಾದರೆ ಹನ್ನೊಂದನೆಯದು, ಹೀಗೆ ಒಬ್ಬರು ಸೋಲುವ ತನಕ ಆಡುತ್ತಲೇ ಹೋಗಬೇಕು. ಈ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು.

ಬಾಸ್ಟನ್, ನ್ಯೂಯಾರ್ಕ್, ಷಿಕಾಗೋ ಮೊದಲಾದ ಮಹಾನಗರಗಳ ತಂಡಗಳು ಆಡುವುದು ಮೇಜರ್ ಲೀಗ್. ಅದರ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇರುವುವು ಮೈನರ್ ಲೀಗ್‌ಗಳು. ಮೊದಮೊದಲು ಈ ಸಣ್ಣ ತಂಡಗಳು ಸ್ವತಂತ್ರವಾಗಿದ್ದುವು. 1920ರ ದಶಕದಲ್ಲಿ ಸೇಂಟ್ ಲೂಯಿಸ್ ತಂಡದ ಬ್ರಾಂಚ್ ರಿಕಿ ಎಂಬ ದೂರದರ್ಶಿಯು, ಸಿದ್ಧನಾದ ಆಟಗಾರನನ್ನು ಹೆಚ್ಚು ಬೆಲೆಗೆ ಕೊಳ್ಳುವುದಕ್ಕಿಂತ ಸಸಿಯಾಗಿರುವಾಗಲೇ ತಂದು ತಮ್ಮ ಮಡಿಯಲ್ಲಿ ಬೆಳೆಸುವುದು ಲೇಸೆಂದು ಕಂಡುಕೊಂಡ ಮೇಲೆ, ಮೈನರ್ ಲೀಗಿನ ತಂಡಗಳು ಕ್ರಮೇಣ ಮಹಾತಂಡಗಳ ನಾಟಿಮಡಿಗಳಾಗಿ ಮಾರ್ಪಟ್ಟುವು. ಈ ಏರ್ಪಾಡಿನಲ್ಲಿ ಆಟಗಾರನೂ ತರಬೇತುದಾರನೂ ಮಹಾತಂಡದ ಸೇವಕರು, ಸಂಬಳ ಅಲ್ಲಿಂದಲೇ. ಊರಿನ ತಂಡದ ಒಡೆಯನ ಪಾಲಿಗೆ ಬರುವುದು ಅಂಗಣ, ಟಿಕೆಟ್ಟು, ತಿಂಡಿಯ ಅಂಗಡಿ ಮತ್ತು ಪ್ರೇಕ್ಷಕರು. ಯಾವನಾದರೂ ಚೆನ್ನಾಗಿ ಆಡತೊಡಗಿ ಊರಿನವರು ಅವನ ಹೆಸರನ್ನು ಪ್ರೀತಿಯಿಂದ ಕೂಗುವುದನ್ನು ಕಲಿಯುವಷ್ಟರಲ್ಲಿ, ಒಂದು ದೂರವಾಣಿಯ ಕರೆ ಬಂದು, ಅವನು ರಾತ್ರೋರಾತ್ರಿ ಮೇಲಕ್ಕೆ ಹೊರಟುಹೋಗುತ್ತಾನೆ. ಆಡುವವರು ಬಂದುಹೋಗುವವರು, ನೋಡುವವರು ಮಾತ್ರವೇ ನಿಲ್ಲುವವರು. ಪಟಕೆಟ್ಟಿನ ಇಡೀ ಚರಿತ್ರೆ ನಿಂತಿರುವುದು ಈ ವಿಚಿತ್ರ ಸಂಬಂಧದ ಮೇಲೆ.

ಯುದ್ಧಾನಂತರ, 1946ರಿಂದ 1949ರವರೆಗೆ, ಗಿರಣಿಯ ಸ್ಥಾಪಕನ ಹೆಸರನ್ನೇ ಧರಿಸಿದ ‘ಪಟಕೆಟ್ ಸ್ಲೇಟರ್ಸ್’ ಎಂಬ ತಂಡ ಅಲ್ಲಿ ಆಡಿತು. ಅವು ಮೈನರ್ ಲೀಗುಗಳ ಮಹೋನ್ನತ ವರ್ಷಗಳು. 1949ರಲ್ಲಿ ದೇಶದಾದ್ಯಂತ 59 ಲೀಗುಗಳಿದ್ದು, ಅವುಗಳ ಪಂದ್ಯಗಳನ್ನು ನೋಡಿದವರ ಸಂಖ್ಯೆ ಸುಮಾರು ನಾಲ್ಕು ಕೋಟಿಯಷ್ಟಿತ್ತು. ಅನಂತರ ಮನೆಮನೆಗೆ ಟೆಲಿವಿಷನ್ ಬಂದಿತು. ಬೇಸಗೆಯ ಸಂಜೆ ಊರ ಮೈದಾನಕ್ಕೆ ಹೋಗುತ್ತಿದ್ದವರು ಮನೆಯಲ್ಲಿಯೇ ಕುಳಿತು ಮಹಾತಂಡಗಳ ಆಟವನ್ನು ನೋಡತೊಡಗಿದರು. ನೂರಾರು ಪಟ್ಟಣಗಳು ತಮ್ಮ ತಂಡಗಳನ್ನು ಕಳೆದುಕೊಂಡುವು. ಪಟಕೆಟ್ಟಿನ ಅಂಗಣವೂ ವರ್ಷಾನುಗಟ್ಟಲೆ ಬರಿದಾಗಿದ್ದು, 1966ರಲ್ಲಿ ಕ್ಲೀವ್‌ಲೆಂಡಿನ ಕಿರಿಯ ತಂಡವೊಂದು ಬಂದು ಎರಡು ವರ್ಷ ಆಡಿಹೋಯಿತು. 1970ರಲ್ಲಿ, ಅರವತ್ತೈದು ಕಿಲೋಮೀಟರಿನಷ್ಟೇ ದೂರದ ಬಾಸ್ಟನ್ನಿನ ರೆಡ್ ಸಾಕ್ಸ್ ತನ್ನ ಶಾಖೆಯೊಂದನ್ನು ಅಲ್ಲಿಗೆ ಕಳುಹಿಸಿತು. 1973ರಲ್ಲಿ ಅದು ಮೈನರ್ ಲೀಗುಗಳ ಮೇಲ್ಮೆಟ್ಟಿಲಾದ ಟ್ರಿಪಲ್-ಎ ದರ್ಜೆಗೇರಿ, ಅದೇ ವರ್ಷ ಇಂಟರ್‌ನ್ಯಾಷನಲ್ ಲೀಗಿನ ಗವರ್ನರ್ಸ್ ಕಪ್ಪನ್ನೂ ಗೆದ್ದಿತು. ಜಿಮ್ ರೈಸ್, ಫ್ರೆಡ್ ಲಿನ್ ಎಂಬ ಇಬ್ಬರು ತರುಣರು ಇಲ್ಲಿಂದ ಬಾಸ್ಟನ್ನಿಗೆ ಹೋಗಿ 1975ರಲ್ಲಿ ದೇಶವನ್ನೇ ಬೆರಗುಗೊಳಿಸಿದರು. ಆದರೂ ಊರಿನ ತಂಡಕ್ಕೆ ಮಾತ್ರ ಸುಖವಿರಲಿಲ್ಲ. ಸಾಲ ಏರಿತು, ಅಂಗಣ ಹಾಳುಬಿದ್ದಿತು, ನೋಡಲು ಬರುವವರು ಕಡಮೆಯಾದರು, 1976ರ ಕೊನೆಯ ವೇಳೆಗೆ ತಂಡ ದಿವಾಳಿಯೆದ್ದಿತು.

ಆಗ ಬಂದವರು ಬೆನ್ ಮಾಂಡೋರ್. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1925ರಲ್ಲಿ ಫ್ರೆಂಚ್ ನುಡಿಯ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ರೋಡ್ ಐಲೆಂಡಿಗೆ ಬಂದು, ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದು, ಮುಳುಗುತ್ತಿದ್ದ ಗಿರಣಿಗಳನ್ನು ಕೊಂಡು ಎತ್ತಿನಿಲ್ಲಿಸಿ ಐಶ್ವರ್ಯವನ್ನು ಗಳಿಸಿದ ಈ ಮನುಷ್ಯ, ವಿಶ್ರಾಂತಿಯ ವಯಸ್ಸಿನಲ್ಲಿ, ಯಾರಿಗೂ ಬೇಡವಾದ ತಂಡವೊಂದನ್ನು 1977ರಲ್ಲಿ ಕೈಗೆತ್ತಿಕೊಂಡರು. ಮೈಕ್ ಟಾಂಬರೋ ಎಂಬ ಯುವಕ ಅವರಿಗೆ ಬಲಗೈಯಾಗಿ ನಿಂತನು. ಆ ಮೊದಲ ವರ್ಷ ಇಡೀ ಋತುವಿನಲ್ಲಿ ಬಂದ ಪ್ರೇಕ್ಷಕರು ಸುಮಾರು 70 ಸಾವಿರ ಮಂದಿ ಮಾತ್ರ.

ಮಾಂಡೋರರು ಕೈಗೊಂಡ ಚಿಕಿತ್ಸೆ ಅತ್ಯಂತ ಸರಳವಾದುದು. ಕುರ್ಚಿಗಳಿಗೆ ಬಣ್ಣ ಬಳಿಸಿದರು, ಶೌಚಾಲಯಗಳನ್ನು ಚೊಕ್ಕಟವಾಗಿರಿಸಿದರು, ವಾಹನ ನಿಲ್ಲಿಸುವುದಕ್ಕೆ ಕಾಸು ಕೇಳಲಿಲ್ಲ, ಗಿರಣಿಯ ಕೂಲಿಯವನು ಹೆಂಡತಿ ಮಕ್ಕಳೊಡನೆ ಬಂದು, ಕೈ ಬರಿದಾಗದೆ ಮನೆಗೆ ಮರಳುವಂತೆ ಟಿಕೆಟ್ಟಿನ ದರವನ್ನು ಕೆಳಗಿಟ್ಟರು. ಆಟಗಾರರು ತಮ್ಮವರಲ್ಲ, ನಾಳೆ ಹೋಗತಕ್ಕವರು. ಗೆಲವು ಸೋಲುಗಳೂ ತಮ್ಮ ಕೈಯಲ್ಲಿಲ್ಲ. ತಮ್ಮ ಕೈಯಲ್ಲಿರುವುದು ಬಂದವರನ್ನು ಆದರಿಸುವುದೊಂದೇ ಎಂಬುದನ್ನು ಅವರು ಬಲ್ಲರು. ಅಲ್ಲಿ ಆಡಿ ಮೇಲೇರಿದವರ ಚಿತ್ರಗಳನ್ನು ಅಂಗಣದ ಗೋಡೆಗಳ ಮೇಲೆ ದೊಡ್ಡದಾಗಿ ಬರೆಸಿದರು. ಜನರ ಬಾಯಲ್ಲಿ ‘ಪಾಸಾಕ್ಸ್’ ಎಂದು ಮೊಟಕಾದ ಆ ತಂಡದ ಆಟವನ್ನು 2005ರಲ್ಲಿ ನೋಡಿದವರು 6 ಲಕ್ಷ 88 ಸಾವಿರ ಮಂದಿ. ಊರಿನ ಜನಸಂಖ್ಯೆಗೆ ಅದು ಒಂಬತ್ತರಷ್ಟು.

ಇನ್ನು ಪಟಕೆಟ್ಟಿನ ಹೆಸರನ್ನು ಮರೆಯದಂತೆ ಮಾಡಿದ ಆ ರಾತ್ರಿಯ ಕಥೆ. 1981ರ ಏಪ್ರಿಲ್ 18, ಶನಿವಾರ. ಮರುದಿನ ಈಸ್ಟರ್ ಹಬ್ಬ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ತಂಡವಾದ ರೆಡ್ ವಿಂಗ್ಸ್ ಎದುರಾಳಿಯಾಗಿ ಬಂದಿತ್ತು. ದೀಪಗಳು ಸರಿಯಾಗಿ ಉರಿಯದೆ ಅರ್ಧ ಗಂಟೆ ತಡವಾಗಿ, ರಾತ್ರಿ ಎಂಟರ ಸುಮಾರಿಗೆ, 1,740 ಪ್ರೇಕ್ಷಕರ ಮುಂದೆ ಆಟ ಮೊದಲಾಯಿತು. ಏಳನೆಯ ಇನ್ನಿಂಗ್ಸಿನಲ್ಲಿ ರಾಚೆಸ್ಟರಿಗೆ ಒಂದು ರನ್, ಒಂಬತ್ತರ ಕೊನೆಯ ಘಳಿಗೆಯಲ್ಲಿ ಪಟಕೆಟ್ಟಿಗೂ ಒಂದು ರನ್, ಸಮವಾಯಿತು. ಹತ್ತು, ಹನ್ನೆರಡು, ಹದಿನೈದು ಕಳೆದುವು, ಯಾರೂ ಗೆಲ್ಲಲೊಲ್ಲರು. ಕೊರೆಯುವ ಚಳಿ, ಅದರ ಮೇಲೆ ಮೈದಾನದೊಳಕ್ಕೆ ಬೀಸುವ ಎದುರುಗಾಳಿ. ಪಟಕೆಟ್ಟಿನ ಸ್ಯಾಮ್ ಬೋವನ್ ಹೊಡೆದ ಚೆಂಡೊಂದು ಬೇಲಿಯ ಆಚೆಗೆ ಹೋಗಿಯೇಹೋಯಿತೆಂದು ಎಲ್ಲರೂ ಎದ್ದುನಿಂತಾಗ, ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಎದುರಾಳಿಯ ಕೈಗೆ ಹಾಕಿತು.

ಮಧ್ಯರಾತ್ರಿ ಕಳೆದು ಒಂದು ಹೊತ್ತಾದ ಮೇಲೆ ಹೊಸ ಇನ್ನಿಂಗ್ಸನ್ನು ಆರಂಭಿಸಬಾರದೆಂಬ ನಿಯಮ ಆ ಲೀಗಿನಲ್ಲಿ ಇದ್ದೇ ಇತ್ತು. ಆದರೆ ಆ ವರ್ಷ ಅಂಪೈರುಗಳ ಕೈಗೆ ಬಂದ ಪುಸ್ತಕದಲ್ಲಿ ಅದು ಮುದ್ರಣವಾಗದೆ ಬಿಟ್ಟುಹೋಗಿತ್ತು. ಬರೆದಿಲ್ಲದ ನಿಯಮವನ್ನು ಅಂಪೈರುಗಳು ಒಪ್ಪಲಿಲ್ಲ. ಇಪ್ಪತ್ತೊಂದನೆಯ ಇನ್ನಿಂಗ್ಸಿನಲ್ಲಿ ರಾಚೆಸ್ಟರ್ ಒಂದು ರನ್ ಗಳಿಸಿತು. ಅಂತೂ ಮುಗಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಪಟಕೆಟ್ಟಿನ ವೇಡ್ ಬಾಗ್ಸ್ ಬಲವಾದೊಂದು ಹೊಡೆತದಿಂದ ಮತ್ತೆ ಸಮಮಾಡಿದನು. ಇಪ್ಪತ್ತೆರಡರಲ್ಲಿ ಪಟಕೆಟ್ಟಿನ ಮ್ಯಾನೇಜರ್ ಜೋ ಮಾರ್ಗನ್ ಅಂಪೈರನೊಡನೆ ವಾದಕ್ಕಿಳಿದು ಮೈದಾನದಿಂದ ಹೊರದೂಡಲ್ಪಟ್ಟರು. ಮನೆಗೆ ಹೋಗಿ ಮಲಗಬಹುದಾಗಿದ್ದ ಆ ಮನುಷ್ಯ ಹಾಗೆ ಮಾಡದೆ, ಬ್ಯಾಟುಗಾರನ ಹಿಂದಿನ ತಡೆಗೋಡೆಯ ಕಿಂಡಿಯೊಂದಕ್ಕೆ ಕಣ್ಣಿಟ್ಟು ಕೊನೆಯವರೆಗೂ ಆಟವನ್ನು ನೋಡಿದರು. ಚಳಿಗಾಲದ ತಿಂಗಳುಗಳಲ್ಲಿ ಹೆದ್ದಾರಿಯ ಮೇಲೆ ಹಿಮ ಸರಿಸುವ ವಾಹನವನ್ನು ನಡೆಸಿ ಸಂಸಾರ ತೂಗಿಸುತ್ತಿದ್ದವರು ಈ ಮಾರ್ಗನ್. ಮೈನರ್ ಲೀಗಿನ ಬಾಳು ಎಂಥದೆಂಬುದಕ್ಕೆ ಇದೊಂದೇ ಸಾಕು. ಏಳು ವರ್ಷಗಳ ಮೇಲೆ, 1988ರಲ್ಲಿ, ಬಾಸ್ಟನ್ನಿನ ಮಹಾತಂಡವೇ ಅವರ ವಶಕ್ಕೆ ಬಂದಿತು.

ತಿನಿಸುಗಳೆಲ್ಲ ತೀರಿದುವು. ಆಟಗಾರರು ಮುರಿದ ಬ್ಯಾಟುಗಳನ್ನು ಎಣ್ಣೆಯ ಪೀಪಾಯಿಗಳಲ್ಲಿ ಹಾಕಿ ಬೆಂಕಿಮಾಡಿ ಕೈ ಕಾಸಿಕೊಂಡರು. ಬ್ಯಾಟುಗಾರನ ಹಿಂದೆ ಚೆಂಡು ಹಿಡಿಯುವವನಾದ ರಾಚೆಸ್ಟರಿನ ಕ್ಯಾಚರ್ ಡೇವ್ ಹಪರ್ಟ್ ಮೂವತ್ತೊಂದು ಇನ್ನಿಂಗ್ಸುಗಳವರೆಗೆ ಮೊಣಕಾಲು ಮಡಚಿ ಕುಳಿತೇ ಇದ್ದನು. ತನ್ನ ಪಾಲಿನ ಆಟವನ್ನು ಮುಗಿಸಿ ನಸುಕಿನಲ್ಲಿ ಮನೆಯ ಕದ ತಟ್ಟಿದ ಪಟಕೆಟ್ಟಿನ ಪಿಚರ್ ಲೂಯಿಸ್ ಅಪಾಂಟೆಯನ್ನು, ಇಷ್ಟು ಹೊತ್ತು ಎಲ್ಲಿದ್ದೆಯೆಂದು ಹೆಂಡತಿ ಕೇಳಿದಳಂತೆ. ಮೈದಾನದಲ್ಲಿದ್ದೆ, ಆಟ ಇನ್ನೂ ನಡೆಯುತ್ತಿದೆ ಎಂದರೆ ಅವಳು ನಂಬಲಿಲ್ಲವಂತೆ. ನಂಬದಿದ್ದುದರಲ್ಲಿ ಅವಳ ತಪ್ಪೇನು? ಕೊನೆಗೆ ಲೀಗಿನ ಅಧ್ಯಕ್ಷರಾದ ಹೆರಾಲ್ಡ್ ಕೂಪರ್ ದೂರವಾಣಿಗೆ ಸಿಕ್ಕಿ, ನಡೆದುದನ್ನು ಕೇಳಿ ದಿಗ್ಭ್ರಾಂತರಾಗಿ, ಈ ಇನ್ನಿಂಗ್ಸ್ ಮುಗಿದೊಡನೆ ನಿಲ್ಲಿಸತಕ್ಕದ್ದೆಂದು ಆಜ್ಞೆ ಮಾಡಿದರು. ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ, ಮೂವತ್ತೆರಡು ಇನ್ನಿಂಗ್ಸುಗಳಾದ ಮೇಲೆ, 2–2ರ ಸಮದಲ್ಲಿಯೇ ಆಟ ನಿಂತಿತು. ಆಗ ಅಂಗಣದಲ್ಲಿ ಉಳಿದಿದ್ದ ಪ್ರೇಕ್ಷಕರು ಹತ್ತೊಂಬತ್ತು ಮಂದಿ. ಅವರಿಗೆಲ್ಲ ತಂಡವು ಉಚಿತ ಪ್ರವೇಶದ ಪಾಸುಗಳನ್ನು ಕೊಟ್ಟು ಗೌರವಿಸಿತು. ಆ ಹತ್ತೊಂಬತ್ತು ಜನ ಕಾದಿದ್ದುದು ಬಹುಮಾನಕ್ಕಲ್ಲ, ಬೆಟ್ಟಿಗಲ್ಲ, ಯಾವ ದೊಡ್ಡ ಕಪ್ಪಿಗೂ ಅಲ್ಲ; ಋತುವಿನ ಆರಂಭದ ಸಾಮಾನ್ಯ ಪಂದ್ಯವೊಂದು ಮುಗಿಯುವುದನ್ನು ಕಾಣದೆ ಏಳಬಾರದೆಂಬುದಷ್ಟೇ ಅವರ ಮನಸ್ಸಿನಲ್ಲಿದ್ದುದು. ತಂಡ ಯಾರದೆಂದು ನನ್ನನ್ನು ಕೇಳಿದರೆ, ಅದು ಅವರದು ಎನ್ನುತ್ತೇನೆ.

ಉಳಿದ ಭಾಗ ನಡೆದದ್ದು ಜೂನ್ 23ರಂದು. ಅಷ್ಟರಲ್ಲಿ ಮೇಜರ್ ಲೀಗಿನ ಆಟಗಾರರು ಮುಷ್ಕರ ಹೂಡಿದ್ದುದರಿಂದ ದೇಶದಲ್ಲಿ ದೊಡ್ಡ ಆಟವೆಂಬುದೇ ಇರಲಿಲ್ಲ. ಪತ್ರಿಕೆಗಳವರೂ ಟೆಲಿವಿಷನ್ನಿನವರೂ ಗುಂಪುಗುಂಪಾಗಿ ಪಟಕೆಟ್ಟಿಗೆ ಬಂದಿಳಿದರು. ಅಂಗಣದಲ್ಲಿ 5,746 ಮಂದಿ ಕಿಕ್ಕಿರಿದರು. ಎಲ್ಲ ಕೂಡಿ ಹದಿನೆಂಟೇ ನಿಮಿಷ! ಮೂವತ್ತಮೂರನೆಯ ಇನ್ನಿಂಗ್ಸಿನಲ್ಲಿ ಡೇವ್ ಕೋಜಾ ಎಂಬವನ ಹೊಡೆತಕ್ಕೆ ಮಾರ್ಟಿ ಬ್ಯಾರೆಟ್ ಓಡಿಬಂದು ರನ್ ಪೂರೈಸಿದನು. ಪಟಕೆಟ್ 3, ರಾಚೆಸ್ಟರ್ 2. ಒಟ್ಟು ಕಾಲ 8 ಗಂಟೆ 25 ನಿಮಿಷ. ವೃತ್ತಿಪರ ಬೇಸ್‌ಬಾಲಿನಲ್ಲಿ ಇದಕ್ಕಿಂತ ದೀರ್ಘವಾದ ಪಂದ್ಯ ಮತ್ತೊಂದಿಲ್ಲ. 2018ರಿಂದ ಮೈನರ್ ಲೀಗುಗಳಲ್ಲಿ ಹೆಚ್ಚುವರಿ ಇನ್ನಿಂಗ್ಸುಗಳಿಗೆ ಒಬ್ಬ ಓಟಗಾರನನ್ನು ಎರಡನೆಯ ಬೇಸಿನಲ್ಲಿ ಮೊದಲೇ ನಿಲ್ಲಿಸುವ ನಿಯಮ ಬಂದಿರುವುದರಿಂದ ಇನ್ನು ಮುಂದೆಯೂ ಅಂಥದು ಆಗಲಾರದು. ಆ ಪಂದ್ಯವಾಡಿದ ವೇಡ್ ಬಾಗ್ಸ್ ಮತ್ತು ರಾಚೆಸ್ಟರಿನ ಕ್ಯಾಲ್ ರಿಪ್ಕಿನ್ ಇಬ್ಬರೂ ಕೂಪರ್ಸ್‌ಟೌನಿನ ಬೇಸ್‌ಬಾಲ್ ಕೀರ್ತಿಮಂದಿರವನ್ನು ಸೇರಿದರು. ಒಂದು ಪಂದ್ಯವನ್ನೂ ತಪ್ಪಿಸದೆ ಸತತವಾಗಿ 2,632 ಪಂದ್ಯಗಳನ್ನಾಡಿದವನೇ ಈ ರಿಪ್ಕಿನ್. ಗೆಲವಿನ ಹೊಡೆತ ಹೊಡೆದ ಕೋಜಾನಿಗೆ ಮಾತ್ರ ಮೇಲಿನಿಂದ ಆ ಕರೆ ಎಂದೂ ಬರಲಿಲ್ಲ. ಮೇಜರ್ ಲೀಗಿನ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ಮೂವತ್ತಮೂರು ಇನ್ನಿಂಗ್ಸುಗಳ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವವನು ಅವನೇ.

ದಾಖಲೆಗಳು ಹೇಗಾದರೂ ಇರಲಿ. ಆ ಅಂಗಣದ ನಿತ್ಯದ ಚೆಲುವು ಬೇರೆಯೇ ಒಂದು ಇತ್ತು. ಸಾಮಾನ್ಯವಾಗಿ ಆಟಗಾರರು ಕುಳಿತುಕೊಳ್ಳುವ ಡಗೌಟ್ ಎಂಬ ತಗ್ಗಿನ ಕೊಠಡಿಯು ಪ್ರೇಕ್ಷಕರ ಪಕ್ಕದಲ್ಲಿಯೇ ಇರುತ್ತದೆ. ಮೆಕಾಯ್ ಅಂಗಣದಲ್ಲಾದರೋ ಅದು ನೆಲಮಟ್ಟದಲ್ಲಿದ್ದು, ಪ್ರೇಕ್ಷಕರ ಸಾಲುಗಳು ಅದರ ನೆತ್ತಿಯ ಮೇಲೆ, ಎತ್ತರದಲ್ಲಿ ಆರಂಭವಾಗುತ್ತಿದ್ದುವು. ಹಸ್ತಾಕ್ಷರ ಬೇಕಾದ ಮಕ್ಕಳಿಗೆ ಆಟಗಾರನ ಮುಖವೂ ಕಾಣದು, ಕೈಯೂ ಎಟುಕದು. ಅದಕ್ಕೆ ಅವರು ಕಂಡುಕೊಂಡ ಉಪಾಯವಿದು: ಹಾಲಿನ ದೊಡ್ಡ ಪ್ಲಾಸ್ಟಿಕ್ ಡಬ್ಬದ ಬದಿಯನ್ನು ಕತ್ತರಿಸಿ, ಒಳಗೆ ಒಂದು ಚೆಂಡನ್ನೂ ಒಂದು ಪೆನ್ನನ್ನೂ ಇಟ್ಟು, ಹಿಡಿಗೆ ಹುರಿ ಕಟ್ಟಿ, ಬಾವಿಗೆ ಕೊಡವನ್ನು ಬಿಟ್ಟಂತೆ ಕೆಳಕ್ಕೆ ಬಿಡುವುದು. ಡಬ್ಬ ಡಗೌಟಿನ ಮುಂದೆ ತೂಗಾಡುತ್ತದೆ. ಮೇಲೆ ಹುರಿ ಹಿಡಿದ ಹುಡುಗನಿಗೆ ಕೆಳಗೇನಾಗುತ್ತಿದೆಯೋ ತಿಳಿಯದು. ಒಂದು ಕೈ ಚಾಚಿ ಬರುತ್ತದೆ. ಹುರಿ ಸ್ವಲ್ಪ ಜಗ್ಗುತ್ತದೆ. ಡಬ್ಬವನ್ನು ಮೇಲಕ್ಕೆಳೆದು ನೋಡಿದರೆ ಚೆಂಡಿನ ಮೇಲೆ ಒಂದು ಹೆಸರು, ಮಸಿ ಇನ್ನೂ ಆರದೆ. ಊರಿನವರು ಇದನ್ನು ಮೀನು ಹಿಡಿಯುವುದೆಂದೇ ಕರೆಯುತ್ತಿದ್ದರು. ತಂದೆ ಹಾಗೆ ಹಿಡಿದ ಎಡೆಯಲ್ಲಿಯೇ ಮಗನೂ ಹುರಿ ಬಿಟ್ಟನು.

2010ರಲ್ಲಿ ಮಾಂಡೋರರು ತೀರಿಕೊಂಡರು. ತಂಡ 2012ರಲ್ಲಿಯೂ 2014ರಲ್ಲಿಯೂ ಗವರ್ನರ್ಸ್ ಕಪ್ಪನ್ನು ಗೆದ್ದಿತು. 2015ರಲ್ಲಿ ಹೊಸ ಒಡೆಯರ ಕೈ ಸೇರಿತು. ಹಳೆಯ ಅಂಗಣ ಈ ಕಾಲಕ್ಕೆ ಸಾಲದೆಂದು ಅವರು ಮೊದಲು ರಾಜಧಾನಿಯಾದ ಪ್ರಾವಿಡೆನ್ಸಿನಲ್ಲಿ ಹೊಸದನ್ನು ಕಟ್ಟಹೊರಟು, ಅದು ಫಲಿಸದೆ, ಪಟಕೆಟ್ಟಿನಲ್ಲಿಯೇ ಸ್ಲೇಟರನ ಗಿರಣಿಯ ಸಮೀಪದಲ್ಲಿ ಕಟ್ಟುವ ಆಲೋಚನೆ ಮಾಡಿದರು. ಸಾರ್ವಜನಿಕರ ಹಣ ಎಷ್ಟು, ಜವಾಬ್ದಾರಿ ಯಾರದು ಎಂಬ ಚರ್ಚೆ ಶಾಸನಸಭೆಯಲ್ಲಿ ಬೆಳೆಯಿತು. ತೆರಿಗೆಯ ಹಣಕ್ಕೆ ಕಾವಲಿದ್ದವರ ಶಂಕೆ ನಿರಾಧಾರವಾದುದೆಂದು ನಾನು ಹೇಳಲಾರೆ. ಆದರೆ ಅಳೆದು ಸುರಿಯುವಷ್ಟರಲ್ಲಿ ಹೊತ್ತು ಮೀರಿತು. 2018ರ ಆಗಸ್ಟಿನಲ್ಲಿ ತಂಡ ಮ್ಯಾಸಚೂಸೆಟ್ಸಿಗೆ, ವೂಸ್ಟರ್ ನಗರಕ್ಕೆ ಹೋಗುವುದೆಂದು ಪ್ರಕಟವಾಯಿತು. ಬ್ಲ್ಯಾಕ್‌ಸ್ಟೋನ್ ನದಿ ಹುಟ್ಟುವ ಊರೇ ಅದು. ನೀರು ಕೆಳಗೆ ಹರಿದುಬಂದ ದಾರಿಯನ್ನೇ ಹಿಡಿದು ತಂಡ ಮೇಲಕ್ಕೆ ಹೊರಟಿತು.

ಬೀಳ್ಕೊಡುಗೆಯ ಋತುವೆಂದು ಊರು ಕಾದಿದ್ದುದು 2020. ಆ ವರ್ಷ ಸಾಂಕ್ರಾಮಿಕ ರೋಗದ ದೆಸೆಯಿಂದ ಮೈನರ್ ಲೀಗುಗಳ ಆಟವೇ ನಡೆಯಲಿಲ್ಲ. ಪಟಕೆಟ್ಟಿನ ಜನಕ್ಕೆ ಕೊನೆಯದೊಂದು ಪಂದ್ಯವನ್ನು ಕೊನೆಯದೆಂದು ತಿಳಿದು ನೋಡುವ ಅವಕಾಶವೂ ಸಿಕ್ಕಲಿಲ್ಲ. ಆ ಬೇಸಗೆಯಲ್ಲಿ ಮೈದಾನದ ಹುಲ್ಲಿನ ಮೇಲೆ ದೂರದೂರವಾಗಿ ಮೇಜುಗಳನ್ನಿಟ್ಟು ಊಟಕ್ಕೆ ಏರ್ಪಾಡು ಮಾಡಿದರು. ನಲವತ್ತು ವರ್ಷ ಮೇಲಿನಿಂದ ನೋಡಿದ್ದ ಹುಲ್ಲಿನ ಮೇಲೆ ಕುಟುಂಬಗಳು ಕುಳಿತು ಉಂಡು ಮನೆಗೆ ಹೋದುವು. ಮುಂದಿನ ವರ್ಷ, ಮೇಜರ್ ಲೀಗಿನವರು ಇಡೀ ವ್ಯವಸ್ಥೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡು ದೇಶದ 160 ಮೈನರ್ ತಂಡಗಳನ್ನು 120ಕ್ಕೆ ಇಳಿಸಿದಾಗ, ಇನ್ನೂ ಎಷ್ಟೋ ಸಣ್ಣ ಊರುಗಳು ಇದೇ ಅಗಲಿಕೆಯನ್ನು ಉಂಡುವು. ವೂಸ್ಟರಿನ ಹೊಸ ಅಂಗಣದಲ್ಲಿ ಅದೇ ತಂಡ ಹೊಸ ಹೆಸರಿನಿಂದ ಆಡಲಾರಂಭಿಸಿತು.

ಮೆಕಾಯ್ ಅಂಗಣ ಬೀಗ ಹಾಕಿಸಿಕೊಂಡು ಕೆಲವು ವರ್ಷ ನಿಂತಿತ್ತು. ಆ ನೆಲದಲ್ಲಿ ಊರಿನ ಮಕ್ಕಳಿಗೆಲ್ಲ ಒಂದೇ ಪ್ರೌಢಶಾಲೆಯನ್ನು ಕಟ್ಟುವ ಯೋಜನೆಗೆ 2022ರಲ್ಲಿ ಮತದಾರರು ಒಪ್ಪಿಗೆಯಿತ್ತರು. 2025ರಲ್ಲಿ ಯಂತ್ರಗಳು ಒಳಹೊಕ್ಕು, ಡಗೌಟುಗಳ ನೆತ್ತಿಯ ಮೇಲಿದ್ದ ಆ ಸಾಲುಗಳನ್ನು, ಹತ್ತೊಂಬತ್ತು ಜನ ಬೆಳಗಿನ ಜಾವದ ತನಕ ಕುಳಿತಿದ್ದ ಆ ಸಾಲುಗಳನ್ನು, ಕೆಡವಿದುವು. ಮೇಯರ್ ಮೆಕಾಯ್ ಕೆಸರನ್ನು ತುಂಬಿಸಿ ಗಟ್ಟಿಮಾಡಿಸಿದ ಅದೇ ನೆಲದಲ್ಲಿ ಈಗ ಶಾಲೆಗೆ ಪಾಯ.